‘ಹೋಟೆಲ್’ ಎಂಬ ಒಂದು ಪದ ಸೇರಿಸಿದ್ದಕ್ಕೆ

ಪೋರ್ಚುಗಲ್‌ನ ಉತ್ತರ ಭಾಗದಲ್ಲಿ, ಪೊಂತೆ ದ ಲಿಮಾ ಪಟ್ಟಣದ ಸಮೀಪ ಇರುವ ಒಂದು ಹಳೆಯ ಕಲ್ಲಿನ ಮನೆಯ ವಿವರಣೆಯನ್ನು ನಾನು ಇಂಗ್ಲಿಷ್‌ಗೆ ಅನುವಾದಿಸಿ ಮೂರು ವರ್ಷಗಳಾದವು. ಅದರ ಶೀರ್ಷಿಕೆಗೆ ಮೂಲದಲ್ಲಿಲ್ಲದ ಒಂದು ಪದವನ್ನು ನಾನಾಗಿಯೇ ಸೇರಿಸಿದ್ದೆ. ಅದನ್ನು ನೆನೆದರೆ ಇಂದಿಗೂ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಬೆಂಗಳೂರಿನ ನಮ್ಮ ಕಚೇರಿಗೆ ಪ್ರವಾಸಿ ವಸತಿಗಳ ಒಂದು ದೊಡ್ಡ ಕ್ಯಾಟಲಾಗ್ ಬಂದಿತ್ತು. ಎಂದಿನಂತೆ ಮೊದಲು ಎಂಟಿ, ಅಂದರೆ ಯಂತ್ರಾನುವಾದ, ಓಡಿಸಿ, ಆಮೇಲೆ ನಾವು ಪೋಸ್ಟ್ ಎಡಿಟ್ ಮಾಡಬೇಕಿತ್ತು, ಎಂದರೆ ಯಂತ್ರ ಕೊಟ್ಟದ್ದನ್ನು ತಿದ್ದಬೇಕಿತ್ತು. ‘ಸೊಲಾರ್’ ಎಂದರೆ ಪೋರ್ಚುಗೀಸ್‌ನಲ್ಲಿ ಹಳೆಯ ಮನೆತನದ ದೊಡ್ಡ ಮನೆ. ಯಂತ್ರ ಅದನ್ನು ಸೂರ್ಯಶಕ್ತಿಯ ಮನೆಯನ್ನಾಗಿ ಮಾಡಿತ್ತು. ‘ಮೇಯಾ ಪೆನ್ಸಾಂವ್’ ಎಂದರೆ ಬೆಳಗಿನ ತಿಂಡಿ ಮತ್ತು ಒಂದು ಹೊತ್ತಿನ ಊಟ ಸೇರಿದ ದರ. ಅದು ಅರ್ಧ ಪಿಂಚಣಿಯಾಗಿತ್ತು. ಇಂಥವನ್ನೆಲ್ಲ ಹಿಡಿದು ತಿದ್ದಿದ ಸಮಾಧಾನದಲ್ಲಿದ್ದಾಗ ‘ತುರಿಸ್ಮೊ ದೆ ಅಬಿತಸಾಂವ್’ ಎಂಬ ಪದಪುಂಜ ಎದುರಾಯಿತು. ಯಂತ್ರ ಅದಕ್ಕೆ ‘ಹೌಸಿಂಗ್ ಟೂರಿಸಂ’ ಎಂದು ಕೊಟ್ಟಿತ್ತು, ಅದರಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಪದಗಳಿಗೆ ಒಪ್ಪಿತ ಅನುವಾದಗಳನ್ನು ಸಂಗ್ರಹಿಸಿಡುವ ನಮ್ಮ ಟರ್ಮ್‌ಬೇಸ್‌ನಲ್ಲಿಯೂ ಏನೂ ಇರಲಿಲ್ಲ. ಇಂಗ್ಲೆಂಡಿನ ಪ್ರವಾಸಿಗೆ ಥಟ್ಟನೆ ಅರ್ಥವಾಗಲಿ ಎಂದು ನಾನು ‘ಮ್ಯಾನರ್ ಹೌಸ್ ಹೋಟೆಲ್’ ಎಂದು ಬರೆದು, ಅದನ್ನೇ ಟರ್ಮ್‌ಬೇಸ್‌ಗೂ ಸೇರಿಸಿದೆ. ಗ್ರಾಹಕರಿಗೆ ಸಂದೇಹಗಳನ್ನು ಕಳುಹಿಸುವ ಕ್ವೆರಿ ಶೀಟ್‌ನಲ್ಲಿ ಒಂದು ಸಾಲಿನ ಪ್ರಶ್ನೆ ಹಾಕಬಹುದಿತ್ತು. ಆದರೆ ಆ ತಿಂಗಳು ನಮ್ಮ ತಂಡದಿಂದ ಕ್ವೆರಿ ಹೆಚ್ಚಾಯಿತೆಂದು ಪ್ರಾಜೆಕ್ಟ್ ಮ್ಯಾನೇಜರ್ (ಪಿಎಂ) ಆಗಲೇ ಎರಡು ಬಾರಿ ಹೇಳಿದ್ದರಿಂದ ಸುಮ್ಮನಾದೆ. ಒಂದೆಡೆ ಬರೆದ ಅನುವಾದವನ್ನು ಅದೇ ಪದ ಬರುವ ಕಡೆಗೆಲ್ಲ ತಂತಾನೇ ತುಂಬುವ ಆಟೋ ಪ್ರೊಪಗೇಟ್‌ನಿಂದ ಆ ‘ಹೋಟೆಲ್’ ಇನ್ನೂ ಹತ್ತೊಂಬತ್ತು ಮನೆಗಳ ಶೀರ್ಷಿಕೆಗೆ ಹೋಗಿ ಕುಳಿತಿತು.

ಡೆಲಿವರಿಯಾಗಿ ಐದು ವಾರಗಳ ಬಳಿಕ ಒಂದು ಗುರುವಾರ ಮಧ್ಯಾಹ್ನ ಮೂರೂವರೆಗೆ, ಅಂದರೆ ಪೋರ್ಚುಗಲ್‌ನ ಬೇಸಿಗೆಯ ವೇಳೆಯಂತೆ ಬೆಳಗ್ಗೆ ಹನ್ನೊಂದಕ್ಕೆ, ತುರ್ತು ಕರೆ ಬಂತು. ಗ್ರಾಹಕರ ಕಡೆಯ ರಿವ್ಯೂಯರ್ ಪರದೆಯ ಮೇಲೆ ನನ್ನ ಶೀರ್ಷಿಕೆಯನ್ನು ತೆರೆದಿಟ್ಟು, ಏನೂ ಹೇಳದೆ ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟರು. ಆಮೇಲೆ ಮನೆಯೊಡತಿ ಕಳುಹಿಸಿದ್ದ ಪತ್ರವನ್ನು ಓದಿದರು. ಆರು ಕೋಣೆಗಳ ಆ ಮನೆಯ ಮೇಲ್ಮಹಡಿಯಲ್ಲಿ ಆಕೆ ತಾನೇ ವಾಸವಾಗಿದ್ದಾರೆ. ಒಂದು ರಾತ್ರಿ ಹನ್ನೊಂದೂವರೆಗೆ ಬಂದ ದಂಪತಿ ಗೇಟಿನ ಬಳಿ ನಿಂತು ರಿಸೆಪ್ಷನ್ ಎಲ್ಲಿದೆ ಎಂದು ಕೇಳಿದ್ದಾರೆ. ಆಕೆ ಮೈಮೇಲೊಂದು ಶಾಲು ಹೊದ್ದು, ಬೀಗದ ಕೈ ಹಿಡಿದು ಮೆಟ್ಟಿಲಿಳಿದು ಬಂದರೆ, ಇದು ಹೋಟೆಲೇ ಅಲ್ಲ, ಹಣ ವಾಪಸ್ ಕೊಡಿ ಎಂದು ಅವರು ಜಗಳಕ್ಕೆ ನಿಂತಿದ್ದಾರೆ. ಪತ್ರದ ಕೊನೆಯಲ್ಲಿ ಆಕೆ ಕೇಳಿದ್ದು ಒಂದೇ ಪ್ರಶ್ನೆ: ನನ್ನ ಮನೆಯನ್ನು ಹೋಟೆಲ್ ಎಂದು ಕರೆದವರು ಯಾರು?

ಕರೆಯಲ್ಲಿದ್ದ ಏಳು ಜನರಲ್ಲಿ ಯಾರೂ ಮಾತನಾಡಲಿಲ್ಲ. ಪದ ನನ್ನದೇ ಎಂದು ಹೇಳಲು ನನಗೆ ಎಷ್ಟು ಹೊತ್ತು ಬೇಕಾಯಿತೋ ನೆನಪಿಲ್ಲ, ಆದರೆ ಮೈಕ್ ಆನ್ ಮಾಡುವಾಗ ಕೈ ಬೆವತಿದ್ದು ನೆನಪಿದೆ. ಅಷ್ಟಾದ ಮೇಲೂ ಓದುಗರಿಗೆ ಸುಲಭವಾಗಲಿ ಎಂದು ಹಾಗೆ ಬರೆದೆ ಎಂದು ಸಮರ್ಥಿಸಿಕೊಳ್ಳಲು ಹೋದದ್ದು ನನ್ನ ಎರಡನೆಯ ತಪ್ಪು. ರಿವ್ಯೂಯರ್ ತಾಳ್ಮೆಯಿಂದಲೇ ವಿವರಿಸಿದರು. ಪೋರ್ಚುಗಲ್‌ನಲ್ಲಿ ಇವು ಬಣ್ಣನೆಯ ಪದಗಳಲ್ಲ, ಪರವಾನಗಿಯ ವರ್ಗಗಳು. 2008ರ 39ನೆಯ ಡಿಕ್ರಿ ಕಾನೂನು ಹೋಟೆಲ್‌ಗಳನ್ನು ಒಂದು ಗುಂಪಿಗೆ ಸೇರಿಸಿ, ಚಾರಿತ್ರಿಕ ಅಥವಾ ವಾಸ್ತುಶಿಲ್ಪದ ಮಹತ್ವವುಳ್ಳ, ಕುಟುಂಬದ ಮನೆಯ ಸ್ವರೂಪದ ಕಟ್ಟಡಗಳನ್ನು ‘ತುರಿಸ್ಮೊ ದೆ ಅಬಿತಸಾಂವ್’ ಎಂದು ಪ್ರತ್ಯೇಕಿಸುತ್ತದೆ. ಅಲ್ಲಿ ಅತಿಥಿಗಳಿಗೆ 15ಕ್ಕಿಂತ ಹೆಚ್ಚು ಕೋಣೆಗಳಿರುವಂತಿಲ್ಲ. ತನ್ನದಲ್ಲದ ವರ್ಗವನ್ನು ಸೂಚಿಸುವ ಹೆಸರನ್ನು ಯಾವ ವಸತಿಯೂ ಇಟ್ಟುಕೊಳ್ಳುವಂತಿಲ್ಲ. ನಾನು ಸುಲಭವಾಗಲಿ ಎಂದು ಸೇರಿಸಿದ ಪದ ಆಕೆಯನ್ನು ತಪಾಸಣೆಯ ಎದುರು ನಿಲ್ಲಿಸಬಹುದಿತ್ತು.

ಇದು ನನಗೆ ಹೊಳೆಯಬೇಕಿತ್ತು. ಕೊಡಗಿನ ಹೋಂಸ್ಟೇಯಲ್ಲಿ ಮನೆಯವರು ಬಡಿಸಿದ ಕಡಂಬುಟ್ಟು ಉಂಡು ಬಂದವರು ಯಾರೂ ಅದನ್ನು ಹೋಟೆಲ್ ಎನ್ನುವುದಿಲ್ಲ; ನಮ್ಮ ಊರುಗಳಲ್ಲಿ ಹೋಟೆಲ್ ಎಂದರೆ ತಿಂಡಿಗೆ, ತಂಗುವುದಕ್ಕೆ ಲಾಡ್ಜು. ನಮ್ಮ ಪದಗಳಲ್ಲಿ ಇಷ್ಟು ನಿಖರವಾಗಿರುವ ನಾನು ಬೇರೆಯವರ ಪದಗಳ ವಿಷಯದಲ್ಲಿ ಅಂದಾಜಿನ ಮೇಲೆ ನಡೆದಿದ್ದೆ.

ಆ ರಾತ್ರಿ ಇಡೀ ಟರ್ಮ್‌ಬೇಸ್ ತೆರೆದು ಕುಳಿತೆ. ನಾನು ಭಾಷೆ ಕಲಿತದ್ದು ಬ್ರೆಜಿಲ್‌ನ ಶಿಕ್ಷಕಿಯೊಬ್ಬರಿಂದ. ಅಲ್ಲಿ ‘ಪೊಸಾದಾ’ ಎಂದರೆ ಸಾಧಾರಣವಾದ ಸಣ್ಣ ವಸತಿಗೃಹ, ಹಾಗಾಗಿ ‘ಗೆಸ್ಟ್ ಹೌಸ್’ ಎಂದು ಹಾಕಿಬಿಟ್ಟಿದ್ದೆ. ಪೋರ್ಚುಗಲ್‌ನಲ್ಲಿ ಅದು 1942ರಲ್ಲಿ ಎಲ್ವಾಸ್‌ನಲ್ಲಿ ಸರ್ಕಾರವೇ ಆರಂಭಿಸಿದ, ಇಂದು ಎಷ್ಟೋ ಹಳೆಯ ಕೋಟೆ ಮತ್ತು ಕಾನ್ವೆಂಟುಗಳಲ್ಲಿ ನಡೆಯುವ ಹೋಟೆಲ್‌ಗಳ ಹೆಸರು. ಅದರ ಮುಂದೆ ‘ದ ಜುವೆಂತೂದೆ’ ಎಂದು ಸೇರಿದರೆ ಅದೇ ಪದ ಯೂತ್ ಹಾಸ್ಟೆಲ್ ಆಗುತ್ತದೆ. ‘ಅಲೊಜಮೆಂತೊ ಲೊಕಾಲ್’ಗೆ ‘ಹಾಲಿಡೇ ಹೋಮ್’ ಎಂದಿದ್ದೆ, ಆದರೆ 2014ರಿಂದ ಪ್ರತ್ಯೇಕ ಕಾನೂನು ಇರುವ ಆ ವರ್ಗದಲ್ಲಿ ಮನೆ, ಅಪಾರ್ಟ್‌ಮೆಂಟ್, ಹಾಸ್ಟೆಲ್ ಎಲ್ಲವೂ ಸೇರುತ್ತವೆ, ಮತ್ತು ಅವು ನಕ್ಷತ್ರಗಳನ್ನು ಹಾಕಿಕೊಳ್ಳುವಂತಿಲ್ಲ. ಸರಿಯಾಗಿದ್ದದ್ದು ‘ಟಿ2’ ಒಂದೇ: ನಮ್ಮ 2 ಬಿಎಚ್‌ಕೆಯಂತೆ ಎರಡು ಮಲಗುವ ಕೋಣೆ ಮತ್ತು ಒಂದು ಹಾಲ್.

ಈಗ ವರ್ಗದ ಹೆಸರನ್ನು ಪೋರ್ಚುಗೀಸ್‌ನಲ್ಲಿಯೇ ಉಳಿಸಿ, ಪಕ್ಕದಲ್ಲಿ ಮಾಲೀಕರು ವಾಸವಿರುವ ಹಳೆಯ ಮನೆ ಎಂಬಂಥ ವಿವರಣೆಯನ್ನು ಇಂಗ್ಲಿಷ್‌ನಲ್ಲಿ ಕೊಡುತ್ತೇನೆ. ಶೀರ್ಷಿಕೆ ಉದ್ದವಾಯಿತೆಂದು ಕ್ಯಾರೆಕ್ಟರ್ ಲಿಮಿಟ್ (ಅಕ್ಷರಗಳ ಮಿತಿ) ಕೆಂಪು ತೋರಿಸುತ್ತದೆ, ಪ್ರತಿ ಬಾರಿಯೂ ವಿನಾಯಿತಿ ಕೇಳಬೇಕು. ಅದಕ್ಕಿಂತ ಹೆಚ್ಚು ನೋವಿನ ಸಂಗತಿ ಆಮೇಲೆ ತಿಳಿಯಿತು: ಗ್ರಾಹಕರು ಕಳುಹಿಸಿದ ಮೂಲ ಎಕ್ಸೆಲ್‌ನಲ್ಲಿ ಪ್ರತಿ ಮನೆಯ ಪರವಾನಗಿಯ ವರ್ಗ ಪ್ರತ್ಯೇಕ ಕಾಲಂನಲ್ಲಿ ಇದ್ದೇ ಇತ್ತು. ಅನುವಾದಿಸಬೇಕಿಲ್ಲದ ಕಾಲಂ ಎಂದು, ಫೈಲನ್ನು ನಮ್ಮ ಸಾಫ್ಟ್‌ವೇರ್‌ಗೆ ತರುವ ಇಂಪೋರ್ಟ್ ಫಿಲ್ಟರ್ ಅದನ್ನು ಮರೆಮಾಡಿತ್ತು. ಅದನ್ನು ತೋರಿಸಬೇಕೆಂದು ಟಿಕೆಟ್ (ತಾಂತ್ರಿಕ ಮನವಿ) ಹಾಕಿದ್ದೇನೆ, ಇನ್ನೂ ಓಪನ್ ಎಂದೇ ಇದೆ. ಹಾಗಾಗಿ ಪ್ರತಿ ಬ್ಯಾಚ್ ಬಂದಾಗಲೂ ಮೂಲ ಫೈಲನ್ನು ಪಿಎಂ ಬಳಿ ಕೇಳಿ ಪಡೆದು, ಇನ್ನೊಂದು ಪರದೆಯಲ್ಲಿ ತೆರೆದಿಟ್ಟುಕೊಂಡೇ ಕೆಲಸ ಆರಂಭಿಸುತ್ತೇನೆ.