ಪೆನ್ ಡ್ರೈವ್‌ನಿಂದ ಏಳದ ಟ್ಯಾಬ್ ಮತ್ತು ಕಾಕಾ ಅವರ ಖಣದ ಚಿತ್ರಗಳು

2025ರ ನವೆಂಬರ್ ತಿಂಗಳಲ್ಲಿ ಗುಳೇದಗುಡ್ಡದ ನಮ್ಮ ಕಾಕಾ ಅವರು ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಗೆ ಬಂದಾಗ, ಕೈಚೀಲದಿಂದ ಎಂಟು ಅಂಗುಲದ ಹಳೆಯ ವಿಂಡೋಸ್ ಟ್ಯಾಬ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದನ್ನು ಅವರು ಕೊಂಡದ್ದು 2015ರಲ್ಲಿ. ಗುಂಡಿ ಒತ್ತಿದರೆ ತಯಾರಕರ ಚಿಹ್ನೆ ಕಾಣಿಸುತ್ತಿತ್ತು, ಅದರ ಕೆಳಗೆ ಸ್ವಯಂ ದುರಸ್ತಿಗೆ ಸಿದ್ಧತೆ ನಡೆದಿದೆ ಎಂಬ ಸಾಲು ಮೂಡುತ್ತಿತ್ತು, ಪರದೆ ಕಪ್ಪಾಗುತ್ತಿತ್ತು, ಮತ್ತೆ ಅದೇ ಚಿಹ್ನೆ ಬರುತ್ತಿತ್ತು. ಅಂಗಡಿಯೊಂದರಲ್ಲಿ ತೋರಿಸಿದಾಗ, ಇದು ಪೆನ್ ಡ್ರೈವ್‌ನಿಂದಲೂ ಬೂಟ್ ಆಗುತ್ತಿಲ್ಲ (ಚಾಲೂ ಆಗುತ್ತಿಲ್ಲ), ಬೋರ್ಡೇ ಕೆಟ್ಟಿದೆ, ಹೊಸದು ಕೊಳ್ಳಿರಿ ಎಂದು ಹೇಳಿ ಕಳುಹಿಸಿದ್ದರಂತೆ.

ಕಾಕಾ ಅವರು ನೇಕಾರರು. ಕುಬಸ, ಅಂದರೆ ರವಿಕೆ, ಹೊಲಿಯುವ ಬಟ್ಟೆಯಾದ ಖಣವನ್ನು ನೇಯುವ ಮಗ್ಗದ ಮುಂದೆ ನಲವತ್ತು ವರ್ಷ ಕುಳಿತವರು. ಊರಿನ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ, ಮದುವೆಯಲ್ಲಿಯೋ ಸೀಮಂತದಲ್ಲಿಯೋ ಉಡಿ ತುಂಬಿದಾಗ ಬಂದು ಕುಬಸವಾಗದೆ ಹಾಗೆಯೇ ಉಳಿದ ಖಣಗಳಿರುತ್ತವೆ. ಅವುಗಳಲ್ಲಿನ ಕೆಲವು ವಿನ್ಯಾಸಗಳನ್ನು ಈಗ ಯಾರೂ ನೇಯುವುದಿಲ್ಲ. ಅಂಥ ಖಣಗಳನ್ನು ಬೇಡಿ ತೆರೆಸಿ, ಹಗಲಿನ ಬೆಳಕಿನಲ್ಲಿ ಹಾಸಿ, ಎಳೆ ಎಣಿಸಲು ಬರುವಷ್ಟು ಹತ್ತಿರದಿಂದ ಅವರು ಚಿತ್ರ ತೆಗೆದಿದ್ದರು. ಆರುನೂರಕ್ಕೂ ಹೆಚ್ಚು ಚಿತ್ರಗಳು ಆ ಟ್ಯಾಬ್‌ನಲ್ಲಿದ್ದವು, ಬೇರೆಲ್ಲಿಯೂ ಪ್ರತಿ ಇರಲಿಲ್ಲ.

"ತಮ್ಮಾ, ಟ್ಯಾಬ್ ಹೋದ್ರ ಹೋಗ್ವಲ್ದ್ಯಾಕ, ಫೋಟೋ ಉಳದ್ರ ಸಾಕು" ಎಂದರು ಕಾಕಾ.

ಈ ಮಾತಿನಿಂದ ಕೆಲಸದ ಕ್ರಮವೇ ಬದಲಾಯಿತು. ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆಯನ್ನು ಮರುಸ್ಥಾಪಿಸುವುದು ಎಂದರೆ ಸಾಮಾನ್ಯವಾಗಿ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು ಎಂದೇ ಅರ್ಥ. ಇಲ್ಲಿ ಮೊದಲು ಒಳಗಿನದನ್ನು ಹೊರಗೆ ತರಬೇಕಿತ್ತು. ಲ್ಯಾಪ್‌ಟಾಪ್ ಆಗಿದ್ದರೆ ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಬಹುದಿತ್ತು. ಇಂಥ ಟ್ಯಾಬ್‌ಗಳಲ್ಲಿ ಸಂಗ್ರಹಕ್ಕಿರುವುದು ಇಎಂಎಂಸಿ ಎಂಬ ಚಿಪ್, ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಆದ್ದರಿಂದ ಪೆನ್ ಡ್ರೈವ್‌ನಿಂದ ಟ್ಯಾಬ್ ಏಳದ ಹೊರತು ಚಿತ್ರಗಳನ್ನು ತಲುಪುವ ದಾರಿ ನನ್ನ ಕೈಯಲ್ಲಿ ಬೇರೆ ಇರಲಿಲ್ಲ.

ಟ್ಯಾಬ್‌ನ ಡಬ್ಬಿಯನ್ನು ಕಾಕಾ ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಅದರ ಮೇಲೆ ಇಂಟೆಲ್ ಆಟಮ್ ಝಡ್3735ಎಫ್, 2 ಜಿಬಿ ರ್‍ಯಾಮ್, 32 ಜಿಬಿ ಸಂಗ್ರಹ ಎಂದು ಅಚ್ಚಾಗಿತ್ತು. ಈ ಪ್ರೊಸೆಸರ್ 2014ರಲ್ಲಿ ಬಂದದ್ದು, ನಾಲ್ಕು ಕೋರ್‌ಗಳದ್ದು, 64 ಬಿಟ್ ಆದೇಶಗಳನ್ನು (ಒಂದು ಸಲಕ್ಕೆ 64 ಬಿಟ್‌ಗಳಷ್ಟು ಮಾಹಿತಿಯನ್ನು ನಡೆಸುವ ಆದೇಶಗಳನ್ನು) ಅರಿಯಬಲ್ಲದ್ದು. ಇದನ್ನು ಓದಿಕೊಂಡೇ ನಾನು ವಿಂಡೋಸ್ 10ರ 64 ಬಿಟ್ ಆವೃತ್ತಿಯ ಪೆನ್ ಡ್ರೈವ್ ಸಿದ್ಧಪಡಿಸಿದೆ. ಅಂಗಡಿಯವರೂ ಬಹುಶಃ ಹೀಗೆಯೇ ಮಾಡಿರಬೇಕು. ಮುಂದಿನ ಎರಡು ದಿನಗಳ ತೊಡಕೆಲ್ಲವೂ ಹುಟ್ಟಿದ್ದು ಈ ಒಂದು ಹೆಜ್ಜೆಯಿಂದ.

ಟ್ಯಾಬ್‌ಗೆ ಇದ್ದದ್ದು ಒಂದೇ ಮೈಕ್ರೋ ಯುಎಸ್‌ಬಿ ಕಿಂಡಿ. ಚಾರ್ಜ್ ಮಾಡುವುದೂ ಅದರಲ್ಲಿಯೇ, ಪೆನ್ ಡ್ರೈವ್ ಜೋಡಿಸುವುದೂ ಅದರಲ್ಲಿಯೇ. ಆದ್ದರಿಂದ ಮೊದಲು ರಾತ್ರಿಯಿಡೀ ಚಾರ್ಜಿಗೆ ಹಾಕಿದೆ, ಏಕೆಂದರೆ ಕೆಲಸದ ನಡುವೆ ಬ್ಯಾಟರಿ ಮುಗಿದರೆ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಜೋಡಣೆಗೆ ಸಾಮಾನ್ಯ ಕೇಬಲ್ ಸಾಲದು, ಒಟಿಜಿ ಕೇಬಲ್ಲೇ ಬೇಕು. ಮೈಕ್ರೋ ಯುಎಸ್‌ಬಿಯ ಐದು ಪಿನ್‌ಗಳಲ್ಲಿ ನಾಲ್ಕನೆಯದನ್ನು ಒಟಿಜಿ ಕೇಬಲ್ ಗ್ರೌಂಡಿಗೆ ಸೇರಿಸಿರುತ್ತದೆ. ಇನ್ನೊಂದು ಸಾಧನವನ್ನು ತಾನೇ ನಡೆಸಬೇಕು ಎಂಬುದು ಟ್ಯಾಬ್‌ಗೆ ತಿಳಿಯುವುದು ಇದರಿಂದಲೇ. ಆ ಕೇಬಲ್ಲಿಗೆ ಪ್ರತ್ಯೇಕ ವಿದ್ಯುತ್ ಪಡೆಯುವ ಹಬ್ ಒಂದನ್ನು ಸೇರಿಸಿ, ಹಬ್ಬಿಗೆ ಕೀಬೋರ್ಡ್ ಮತ್ತು ಪೆನ್ ಡ್ರೈವ್ ಜೋಡಿಸಿದೆ. ಫರ್ಮ್‌ವೇರ್‌ನ, ಎಂದರೆ ವಿಂಡೋಸಿಗೂ ಮೊದಲು ಎಚ್ಚರಗೊಂಡು ಟ್ಯಾಬ್ ಅನ್ನು ಏಳಿಸುವ ಒಳ ತಂತ್ರಾಂಶದ, ಪರದೆಯಲ್ಲಿ ಸ್ಪರ್ಶ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ಕೀಬೋರ್ಡ್ ಇಲ್ಲದೆ ಮುಂದುವರಿಯುವಂತಿರಲಿಲ್ಲ.

ಟ್ಯಾಬ್ ಆನ್ ಆಗುತ್ತಿದ್ದಂತೆ ಡಿಲೀಟ್ ಕೀಲಿಯನ್ನು ಮೇಲಿಂದ ಮೇಲೆ ಒತ್ತಿದಾಗ ಫರ್ಮ್‌ವೇರ್‌ನ ಸೆಟಪ್ ತೆರೆಯಿತು. ಅಕ್ಷರಗಳೆಲ್ಲ ಅಡ್ಡಲಾಗಿದ್ದವು, ಏಕೆಂದರೆ ಇಂಥ ಟ್ಯಾಬ್‌ಗಳ ಪರದೆ ಮೂಲತಃ ಉದ್ದಕ್ಕೆ ಹಿಡಿಯುವಂಥದ್ದು, ಅದನ್ನು ತಿರುಗಿಸಿ ತೋರಿಸುವ ಕೆಲಸ ವಿಂಡೋಸಿನದು. ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಮತ್ತು ಒಳಗೇ ಅಡಕವಾದ ಇಎಫ್‌ಐ ಶೆಲ್ ಎಂಬ ಎರಡೇ ಹೆಸರುಗಳಿದ್ದವು. ಪೆನ್ ಡ್ರೈವ್‌ನ ಹೆಸರು ಇರಲೇ ಇಲ್ಲ.

ಮೊದಲು ಕೇಬಲ್ಲಿನ ಮೇಲೆ ಸಂಶಯ ಬಂತು. ಆದರೆ ಅದೇ ಕೇಬಲ್, ಅದೇ ಹಬ್ ಮೂಲಕ ಬಂದ ಕೀಬೋರ್ಡ್ ಸರಿಯಾಗಿ ಕೆಲಸ ಮಾಡುತ್ತಿತ್ತು. ಕಿಂಡಿಯಾಗಲಿ ಬೋರ್ಡಾಗಲಿ ಕೆಟ್ಟಿದ್ದರೆ ಇದು ಸಾಧ್ಯವಿರಲಿಲ್ಲ. ಫಾಸ್ಟ್ ಬೂಟ್ ಆಯ್ಕೆ ಇದ್ದರೆ ಕೆಲವು ಫರ್ಮ್‌ವೇರ್‌ಗಳು ಯುಎಸ್‌ಬಿ ಸಾಧನಗಳನ್ನು ಹುಡುಕುವ ಗೋಜಿಗೇ ಹೋಗುವುದಿಲ್ಲ, ಆದ್ದರಿಂದ ಅದನ್ನು ನಿಲ್ಲಿಸಿದೆ. ಮಾನ್ಯ ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ನಿಲ್ಲಿಸಿದೆ. ಪೆನ್ ಡ್ರೈವ್ ಬದಲಿಸಿದೆ. ಪಟ್ಟಿಯಲ್ಲಿ ಅವೇ ಎರಡು ಹೆಸರುಗಳು ಉಳಿದವು.

ದಾರಿ ತೆರೆದದ್ದು ಆ ಇಎಫ್‌ಐ ಶೆಲ್. ಅದನ್ನು ಆರಿಸಿದಾಗ ಕಪ್ಪು ಪರದೆಯ ಮೇಲೆ ಆದೇಶ ಬರೆಯುವ ಸಾಲು ಬಂತು. ಮ್ಯಾಪ್ ಎಂಬ ಆದೇಶ ಕೊಟ್ಟರೆ ಫರ್ಮ್‌ವೇರ್‌ಗೆ ಕಾಣುವ ಸಂಗ್ರಹಗಳೆಲ್ಲ ಎಫ್‌ಎಸ್0, ಎಫ್‌ಎಸ್1 ಎಂಬ ಹೆಸರಿನಲ್ಲಿ ಬರುತ್ತವೆ. ಎಫ್‌ಎಸ್1 ತೆರೆದು ನೋಡಿದಾಗ ನನ್ನ ಪೆನ್ ಡ್ರೈವ್‌ನ ಫೋಲ್ಡರುಗಳೇ ಕಾಣಿಸಿದವು. ಎಂದರೆ ಟ್ಯಾಬ್‌ಗೆ ಪೆನ್ ಡ್ರೈವ್ ಕಾಣುತ್ತಿತ್ತು, ಅದರೊಳಗೆ ತನಗೆ ಬೇಕಾದದ್ದು ಮಾತ್ರ ಸಿಗುತ್ತಿರಲಿಲ್ಲ. ಇಎಫ್‌ಐ ಫೋಲ್ಡರಿನೊಳಗಿನ ಬೂಟ್ ಫೋಲ್ಡರಿನಲ್ಲಿ ಬೂಟ್‌ಎಕ್ಸ್64.ಇಎಫ್‌ಐ ಎಂಬ ಕಡತವಿತ್ತು. ಅದನ್ನೇ ನೇರವಾಗಿ ನಡೆಸಲು ಆದೇಶ ಕೊಟ್ಟೆ. ಎಕ್ಸ್64 ಮಾದರಿಯ ಕಡತವನ್ನು ಐಎ32 ವ್ಯವಸ್ಥೆಯಲ್ಲಿ ತೆರೆಯಲು ಬರುವುದಿಲ್ಲ ಎಂಬ ಅರ್ಥದ ಒಂದು ಸಾಲು ಮೂಡಿತು. ಎಕ್ಸ್64 ಎಂದರೆ 64 ಬಿಟ್, ಐಎ32 ಎಂದರೆ 32 ಬಿಟ್. ಎರಡು ದಿನ ಹುಡುಕಿದ ಉತ್ತರ ಆ ಒಂದು ಸಾಲಿನಲ್ಲಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದೇ ಕಾರಣಕ್ಕೆ ಎಷ್ಟೋ ಟ್ಯಾಬ್‌ಗಳು ಸತ್ತವೆಂದು ಗುಜರಿಗೆ ಹೋಗುತ್ತಿವೆ ಎಂಬುದು ನನ್ನ ನಂಬಿಕೆ. ಯುಇಎಫ್‌ಐ ಎಂಬ ಮಾದರಿಯ ಫರ್ಮ್‌ವೇರ್ ಹೊರಗಿನ ಸಾಧನದಿಂದ ಬೂಟ್ ಆಗಬೇಕಾದರೆ ಆ ಸಾಧನದ ಫ್ಯಾಟ್ ಎಂಬ ಕಡತ ವ್ಯವಸ್ಥೆಯ ವಿಭಾಗದಲ್ಲಿ ಒಂದು ನಿಗದಿತ ಸ್ಥಳದಲ್ಲಿ ಒಂದು ನಿಗದಿತ ಹೆಸರಿನ ಕಡತವನ್ನು ಹುಡುಕುತ್ತದೆ. 64 ಬಿಟ್ ಫರ್ಮ್‌ವೇರ್ ಹುಡುಕುವುದು ಬೂಟ್‌ಎಕ್ಸ್64.ಇಎಫ್‌ಐ, 32 ಬಿಟ್ ಫರ್ಮ್‌ವೇರ್ ಹುಡುಕುವುದು ಬೂಟ್‌ಐಎ32.ಇಎಫ್‌ಐ. ತನ್ನ ಹೆಸರಿನ ಕಡತ ಸಿಗದಿದ್ದರೆ ಅದು ದೂರು ಹೇಳುವುದಿಲ್ಲ, ಆ ಸಾಧನವನ್ನು ಪಟ್ಟಿಗೆ ಸೇರಿಸದೆ ಮುಂದಕ್ಕೆ ಹೋಗುತ್ತದೆ. ಪ್ರೊಸೆಸರ್ ಎಷ್ಟು ಬಿಟ್‌ನದು ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 2014 ಮತ್ತು 2015ರ ಸುಮಾರಿಗೆ ಬಂದ ಅಗ್ಗದ ವಿಂಡೋಸ್ ಟ್ಯಾಬ್‌ಗಳಲ್ಲಿ ರ್‍ಯಾಮ್ ಮತ್ತು ಸಂಗ್ರಹ ಎರಡೂ ಕಡಿಮೆ ಇದ್ದುದರಿಂದ ತಯಾರಕರು 32 ಬಿಟ್ ವಿಂಡೋಸ್ ಹಾಕಿ, ಅದಕ್ಕೆ ಹೊಂದುವ 32 ಬಿಟ್ ಫರ್ಮ್‌ವೇರನ್ನೇ ಇಟ್ಟರು. ಪ್ರೊಸೆಸರ್ 64 ಬಿಟ್, ಫರ್ಮ್‌ವೇರ್ 32 ಬಿಟ್ ಎಂಬ ಈ ಜೋಡಿ ಹುಟ್ಟಿದ್ದು ಹೀಗೆ. ಯುಇಎಫ್‌ಐ ಮೂಲಕ ಬೂಟ್ ಆಗುವ ವಿಂಡೋಸ್‌ಗೆ ಫರ್ಮ್‌ವೇರ್ ಮತ್ತು ವ್ಯವಸ್ಥೆ ಎರಡೂ ಒಂದೇ ಬಿಟ್‌ನವಾಗಿರಬೇಕು. ವಿಂಡೋಸ್‌ಗೆ ಪರ್ಯಾಯವಾದ ಲಿನಕ್ಸ್ ವ್ಯವಸ್ಥೆಯಲ್ಲಿ ಈ ಕಟ್ಟುಪಾಡಿಲ್ಲ. 2014ರ 3.15ನೇ ಕರ್ನೆಲ್‌ನಿಂದ (ಲಿನಕ್ಸ್‌ನ ತಿರುಳಾದ ತಂತ್ರಾಂಶ) ಮುಂದಕ್ಕೆ 32 ಬಿಟ್ ಫರ್ಮ್‌ವೇರ್ ಮೇಲೆ 64 ಬಿಟ್ ಲಿನಕ್ಸ್ ನಡೆಯಬಲ್ಲದು. 2015ರಲ್ಲಿ ಬಂದ ಡೆಬಿಯನ್ 8 ಎಂಬ ಲಿನಕ್ಸ್ ಆವೃತ್ತಿ ತನ್ನ ಅನುಸ್ಥಾಪಕದಲ್ಲಿಯೇ ಇಂಥ ಯಂತ್ರಗಳಿಗೆ ಅನುಕೂಲ ಮಾಡಿಕೊಟ್ಟಿತು.

ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ತೆರೆದು, ಈ ಕಂಪ್ಯೂಟರಿಗೆ ಸೂಕ್ತವಾದ ಆಯ್ಕೆಗಳೇ ಇರಲಿ ಎಂಬ ಗುರುತನ್ನು ತೆಗೆದು, 32 ಬಿಟ್ ಆವೃತ್ತಿಯನ್ನು ಆರಿಸಿ ಹೊಸ ಪೆನ್ ಡ್ರೈವ್ ಮಾಡಿದೆ. ಆ ಗುರುತನ್ನು ಹಾಗೆಯೇ ಬಿಟ್ಟರೆ ಲ್ಯಾಪ್‌ಟಾಪಿಗೆ ತಕ್ಕ 64 ಬಿಟ್ ಆವೃತ್ತಿಯೇ ಇಳಿಯುತ್ತದೆ. ಈ ಸಲ ಬೂಟ್ ಪಟ್ಟಿಯಲ್ಲಿ ಪೆನ್ ಡ್ರೈವ್‌ನ ಹೆಸರು ಮೂರನೆಯದಾಗಿ ಬಂತು.

ವಿಂಡೋಸ್ ಅನುಸ್ಥಾಪನೆಯ ಮೊದಲ ಪರದೆ ಬಂದಾಗ ಅಲ್ಲಿಯೇ ನಿಂತೆ. ಆ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆದೇಶಗಳ ಕಿಟಕಿ ತೆರೆಯುತ್ತದೆ. ಅಲ್ಲಿ ನೋಟ್‌ಪ್ಯಾಡ್ ಎಂದು ಬರೆದು ತೆರೆದು, ಕಡತ ತೆರೆಯುವ ಆಯ್ಕೆಗೆ ಹೋಗಿ ಎಲ್ಲ ಬಗೆಯ ಕಡತಗಳನ್ನೂ ತೋರಿಸುವಂತೆ ಮಾಡಿದರೆ ಡ್ರೈವ್‌ಗಳೆಲ್ಲ ಕಾಣುತ್ತವೆ. ಕಾಕಾ ಅವರ ಹೆಸರಿನ ಫೋಲ್ಡರಿನೊಳಗೆ ಚಿತ್ರಗಳ ಫೋಲ್ಡರ್ ಹಾಗೆಯೇ ಇತ್ತು. ಆ ಸಾಲುಗಳನ್ನು ಓದುವಾಗ ಪಕ್ಕದಲ್ಲಿ ಕುಳಿತ ಕಾಕಾ ಅವರು ಕನ್ನಡಕ ಸರಿಪಡಿಸಿಕೊಂಡು ಮುಂದೆ ಬಾಗಿದರು.

ಅವರು ಮೈಕ್ರೋಸಾಫ್ಟ್ ಖಾತೆ ಬಳಸದೆ ಟ್ಯಾಬ್‌ನಲ್ಲಿಯೇ ಮಾಡಿದ ಖಾತೆ ಬಳಸುತ್ತಿದ್ದುದರಿಂದ ಸಂಗ್ರಹಕ್ಕೆ ಬೀಗ ಬಿದ್ದಿರಲಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗುವ ಸಾಧನಗಳಲ್ಲಿ ಗೂಢಲಿಪಿ ತಾನಾಗಿಯೇ ಚಾಲೂ ಆಗಿರಬಹುದು. ಆಗ 48 ಅಂಕಿಗಳ ಮರುಪ್ರಾಪ್ತಿ ಕೀಲಿ ಇಲ್ಲದೆ ಚಿತ್ರಗಳು ಸಿಗುವುದಿಲ್ಲ. ಅಂಥ ಟ್ಯಾಬ್ ಇರುವವರು ಅದು ಸರಿಯಾಗಿ ನಡೆಯುತ್ತಿರುವಾಗಲೇ ಆ ಕೀಲಿಯನ್ನು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಹಬ್ಬಿಗೆ ಇನ್ನೊಂದು ಪೆನ್ ಡ್ರೈವ್ ಸಿಕ್ಕಿಸಿ, ರೋಬೋಕಾಪಿ ಆದೇಶದಿಂದ ಇಡೀ ಫೋಲ್ಡರನ್ನು ನಕಲು ಮಾಡಿದೆ. ಮುಗಿದ ಮೇಲೆ ಆ ಪೆನ್ ಡ್ರೈವನ್ನು ಲ್ಯಾಪ್‌ಟಾಪಿಗೆ ಹಾಕಿ ಕಡತಗಳ ಸಂಖ್ಯೆಯನ್ನು ತಾಳೆ ನೋಡಿ, ಅಲ್ಲೊಂದು ಇಲ್ಲೊಂದು ಚಿತ್ರವನ್ನು ಪೂರ್ತಿ ತೆರೆದು ನೋಡಿ, ಲ್ಯಾಪ್‌ಟಾಪಿನಲ್ಲಿಯೂ ಒಂದು ಪ್ರತಿ ಇಳಿಸಿಕೊಂಡೆ. ನಕಲಾಯಿತು ಎಂದು ಪರದೆ ಹೇಳಿದ ಮಾತ್ರಕ್ಕೆ ಮೂಲವನ್ನು ಅಳಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಅಳಿಸುವ ಮುನ್ನ ಇನ್ನೊಂದು ಕೆಲಸ ಬಾಕಿ ಇತ್ತು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ವಾರಗಟ್ಟಲೆ ಒದ್ದಾಡುತ್ತಾರೆ. ಇಂಥ ಅಗ್ಗದ ಟ್ಯಾಬ್‌ಗಳ ಸ್ಪರ್ಶ ನಿಯಂತ್ರಕಗಳಲ್ಲಿ ಕೆಲವಕ್ಕೆ ತಮ್ಮದೇ ತಂತ್ರಾಂಶವನ್ನು ಉಳಿಸಿಕೊಳ್ಳುವ ಶಕ್ತಿ ಇರುವುದಿಲ್ಲ, ಪ್ರತಿ ಸಲ ಆನ್ ಆದಾಗಲೂ ಡ್ರೈವರ್ (ಯಂತ್ರಭಾಗವನ್ನು ವಿಂಡೋಸಿನಿಂದ ನಡೆಸುವ ತಂತ್ರಾಂಶ) ಅದನ್ನು ತುಂಬಬೇಕು. ಅದು ಪರದೆಯ ಮಾದರಿಗೆ ತಕ್ಕಂತೆ ಬೇರೆ ಬೇರೆ. ಬೇರೆ ಟ್ಯಾಬ್‌ನದನ್ನು ಹಾಕಿದರೆ ಎಡಕ್ಕೆ ಮುಟ್ಟಿದ್ದು ಬಲಕ್ಕೆ ತಾಗುತ್ತದೆ, ಇಲ್ಲವೆ ಸ್ಪರ್ಶವೇ ಇರುವುದಿಲ್ಲ. ಹಳೆಯ ಮಾದರಿಗಳ ಡ್ರೈವರ್‌ಗಳು ಈಗ ಹುಡುಕಿದರೂ ಸಿಗುವ ಭರವಸೆ ಇಲ್ಲ, ಆದರೆ ಸರಿಯಾದ ಡ್ರೈವರ್ ಕೆಟ್ಟ ವಿಂಡೋಸಿನೊಳಗೇ ಇರುತ್ತದೆ. ಅದೇ ಆದೇಶಗಳ ಕಿಟಕಿಯಲ್ಲಿ ಡಿಸ್ಮ್ ಎಂಬ ಸಲಕರಣೆಗೆ ಹಳೆಯ ವಿಂಡೋಸ್ ಇರುವ ಡ್ರೈವನ್ನು ತೋರಿಸಿ, ಡ್ರೈವರ್‌ಗಳನ್ನು ಹೊರತೆಗೆಯುವ ಆದೇಶ ಕೊಟ್ಟರೆ ಎಲ್ಲವೂ ಪೆನ್ ಡ್ರೈವ್‌ಗೆ ಬರುತ್ತವೆ. ಅದನ್ನೂ ಮಾಡಿದೆ.

ಅನುಸ್ಥಾಪನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ವಿಭಾಗಗಳನ್ನು ಅಳಿಸಿ, ಖಾಲಿ ಜಾಗವನ್ನು ಆರಿಸಿ, ಉಳಿದದ್ದನ್ನು ವಿಂಡೋಸ್‌ಗೇ ಬಿಟ್ಟೆ. ಉತ್ಪನ್ನದ ಕೀಲಿ ಕೇಳಿದಲ್ಲಿ ನನ್ನ ಬಳಿ ಇಲ್ಲ ಎಂದು ಆರಿಸಿ, ಮೊದಲಿದ್ದ ಆವೃತ್ತಿಯನ್ನೇ ಹಾಕಿದೆ. ಅದೇ ಯಂತ್ರವಾದ್ದರಿಂದ ಅಂತರ್ಜಾಲಕ್ಕೆ ಸೇರಿದ ಮೇಲೆ ಪರವಾನಗಿ ತಾನಾಗಿ ಸಿಕ್ಕಿತು. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಇದ್ದ ಸಾಧನಗಳಿಗೆ ಹೊರತೆಗೆದಿಟ್ಟ ಫೋಲ್ಡರನ್ನು ತೋರಿಸಿದಾಗ ಸ್ಪರ್ಶ, ಧ್ವನಿ, ಪರದೆ ತಿರುಗುವುದು ಒಂದೊಂದಾಗಿ ಮರಳಿದವು. ಟ್ಯಾಬ್ ಕೆಟ್ಟದ್ದೇ ಜಾಗ ತುಂಬಿ ನವೀಕರಣ ಅರ್ಧಕ್ಕೆ ನಿಂತದ್ದರಿಂದ ಇರಬೇಕೆಂದು ನನಗೆ ಅನ್ನಿಸಿತ್ತು. ಆದ್ದರಿಂದ ಕಾಂಪ್ಯಾಕ್ಟ್ ಒಎಸ್ ಆದೇಶದಿಂದ ವ್ಯವಸ್ಥೆಯ ಕಡತಗಳನ್ನು ಕುಗ್ಗಿಸಿ ಸ್ವಲ್ಪ ಜಾಗ ಉಳಿಸಿದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, ಅದಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್ ಮತ್ತು 64 ಜಿಬಿ ಸಂಗ್ರಹ ಬೇಕು. ಲಿನಕ್ಸ್ ಹಾಕುವ ಯೋಚನೆ ನನಗೂ ಬಂದಿತ್ತು, ಸುರಕ್ಷತೆಯ ದೃಷ್ಟಿಯಿಂದ ಅದೇ ಮೇಲು. ಆದರೆ ಕಾಕಾ ಅವರಿಗೆ ರೂಢಿಯಾದ ಪರದೆ ಬೇಕಿತ್ತು, ಸ್ಪರ್ಶವೂ ತಪ್ಪದೆ ಕೆಲಸ ಮಾಡಬೇಕಿತ್ತು. ಆದ್ದರಿಂದ ವಿಂಡೋಸನ್ನೇ ಉಳಿಸಿ, ಪರವಾನಗಿ ಪಡೆದ ಮೇಲೆ ವೈಫೈ ನಿಲ್ಲಿಸಿ, ಈ ಟ್ಯಾಬ್‌ನಲ್ಲಿ ಬ್ಯಾಂಕಿನ ವ್ಯವಹಾರವನ್ನಾಗಲಿ ಮಿಂಚಂಚೆಯನ್ನಾಗಲಿ ತೆರೆಯಬಾರದು, ಇದು ಚಿತ್ರ ನೋಡುವುದಕ್ಕೆ ಮಾತ್ರ ಎಂದು ತಿಳಿಸಿ ಹೇಳಿದೆ. "ನನಗ ಅದ ಬೇಕಾಗಿತ್ತಪಾ" ಎಂದರು.

ಚಿತ್ರಗಳನ್ನು ಮರಳಿ ತುಂಬಿಸಿ ಕೊಟ್ಟಾಗ ಕಾಕಾ ಅವರು ಮೊದಲು ತೆರೆದದ್ದು ಕಡುಗೆಂಪು ಖಣವೊಂದರ ಚಿತ್ರ. ಎರಡು ಬೆರಳುಗಳಿಂದ ಅದನ್ನು ಹಿಗ್ಗಿಸಿ, ಅಂಚಿನಿಂದ ಹೂವಿನವರೆಗಿನ ಎಳೆಗಳನ್ನು ತುಟಿಯಲ್ಲಿಯೇ ಎಣಿಸತೊಡಗಿದರು. 32 ಬಿಟ್ ಎಂದು ಚೀಟಿ ಅಂಟಿಸಿದ ಪೆನ್ ಡ್ರೈವ್, ಡ್ರೈವರ್‌ಗಳಿರುವ ಪೆನ್ ಡ್ರೈವ್ ಮತ್ತು ಒಟಿಜಿ ಕೇಬಲ್ ಮೂರನ್ನೂ ಟ್ಯಾಬ್‌ನ ಹಳೆಯ ಡಬ್ಬಿಯಲ್ಲಿಟ್ಟು ಅವರ ಕೈಚೀಲಕ್ಕೆ ಸೇರಿಸಿದೆ. ಚಿತ್ರಗಳ ಒಂದು ಪ್ರತಿ ನನ್ನ ಲ್ಯಾಪ್‌ಟಾಪಿನಲ್ಲಿದೆ, ಇನ್ನೊಂದು ಗುಳೇದಗುಡ್ಡದಲ್ಲಿ ತಂಗಿಯ ಕಂಪ್ಯೂಟರಿನಲ್ಲಿದೆ.