ಬಿಳಿ ಬಟ್ಟೆಯ ಬೆನ್ನುಹತ್ತಿ: ತುಳಸಿಗೇರಿ, ಬೆಂಗೇರಿ, ಆಗಸ್ಟ್ 15

ತುಳಸಿಗೇರಿ ಎಂದರೆ ಬಾಗಲಕೋಟೆ ಸೀಮೆಯವರಿಗೆ ಮೊದಲು ನೆನಪಾಗುವುದು ಹನುಮಪ್ಪನ ಗುಡಿ. ಗುಡಿಗೆ ಕೈಮುಗಿದವರು ಹಾಗೇ ಹಿಂತಿರುಗಬಾರದು. ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯುವ ಮಗ್ಗಗಳು ಇದೇ ಊರಿನಲ್ಲಿವೆ. ಕೈಯಲ್ಲಿ ತೆಗೆದ ನೂಲು, ಕೈಮಗ್ಗದ ನೇಯ್ಗೆ. ಹೊರಡುವಾಗ ಬಟ್ಟೆಗೆ ಯಾವ ಬಣ್ಣವೂ ಇರುವುದಿಲ್ಲ.

ಅದರ ಬೆನ್ನುಹತ್ತಿದರೆ ಹುಬ್ಬಳ್ಳಿಯ ಬೆಂಗೇರಿ. ಇಲ್ಲಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಶುರುವಾದದ್ದು 1957ರ ನವೆಂಬರ್ 1ರಂದು. ಬಟ್ಟೆಯನ್ನು ಮೂರು ಪಾಲು ಮಾಡಿ ಒಂದಕ್ಕೆ ಕೇಸರಿ, ಒಂದಕ್ಕೆ ಹಸಿರು ಹಾಕುತ್ತಾರೆ, ಮೂರನೆಯದನ್ನು ಬಿಳುಪು ಮಾಡುತ್ತಾರೆ. ಹೊಲಿಗೆಯಲ್ಲಿ ಕೂತವರು ಹೆಚ್ಚಿನವರು ಹೆಣ್ಣುಮಕ್ಕಳು.

ನಿಂತು ನೋಡಬೇಕಾದದ್ದು ಚಕ್ರದ ಅಚ್ಚು. ಬಿಳಿ ಪಟ್ಟಿಯ ಎರಡೂ ಬದಿಗೆ ಅಚ್ಚು ಬೀಳಬೇಕು, 24 ಗೆರೆಗಳೂ ಒಂದರ ಬೆನ್ನಿಗೆ ಒಂದು ಕೂರಬೇಕು. ಕೂದಲೆಳೆ ಸರಿದರೂ ಬೆಳಕಿಗೆ ಹಿಡಿದಾಗ ಗೆರೆಗಳು ಜೋಡಿ ಜೋಡಿಯಾಗಿ ಕಾಣುತ್ತವೆ. 900×600 ಮಿಲಿಮೀಟರ್ ಧ್ವಜಕ್ಕೆ ಚಕ್ರದ ಅಡ್ಡಳತೆ 185 ಮಿಲಿಮೀಟರ್. ಒಟ್ಟು ಒಂಬತ್ತು ಅಳತೆಗಳಿವೆ. ದೊಡ್ಡದು 6300×4200, ಚಿಕ್ಕದು 150×100; ಯಾವುದಾದರೂ ಉದ್ದ ಅಗಲ 3:2ರಲ್ಲೇ ಇರಬೇಕು. ಬಣ್ಣ, ಎಳೆ, ಹೊಲಿಗೆ ಯಾವುದು ತಪ್ಪಿದರೂ ಪರೀಕ್ಷೆಯಲ್ಲಿ ತಿರಸ್ಕಾರವಾಗುತ್ತದೆ.

ಧ್ವಜಸಂಹಿತೆಗೆ 2021ರ ಡಿಸೆಂಬರ್ 30ರಂದು ಬಂದ ತಿದ್ದುಪಡಿ ಪಾಲಿಯೆಸ್ಟರ್ ಮತ್ತು ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ದಾರಿ ಬಿಟ್ಟಿತು. ಅದರ ಪೆಟ್ಟು ಈ ಮಗ್ಗಗಳಿಗೆ ನೇರವಾಗಿ ತಾಗಿದೆ. ಶಾಲೆಗೆ, ಪಂಚಾಯಿತಿಗೆ ಧ್ವಜ ಕೊಳ್ಳುವವರು ದಯವಿಟ್ಟು ಖಾದಿಯದನ್ನೇ ಕೊಳ್ಳಿ. ಹಬ್ಬದ ಮುಂಚಿನ ವಾರಗಳಲ್ಲಿ ಕೆಲಸದ ಒತ್ತಡ ಜಾಸ್ತಿ, ನೋಡಲು ಹೋಗುವವರು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು.

ಇನ್ನು ಧ್ವಜಕಂಬ. 1947ರ ಆಗಸ್ಟ್ 15ರಂದು ಬ್ರಿಟಿಷರ ಬಾವುಟ ಇಳಿದು ನಮ್ಮದು ಏರಿತು. ಕೆಂಪುಕೋಟೆಯಲ್ಲಿ ನೆಹರೂ ಧ್ವಜ ಏರಿಸಿದ್ದು ಮರುದಿನ, 16ರಂದು. ಅವರ ಬಾವುಟ ಇಳಿದು ನಮ್ಮದು ಏರಿದ ನೆನಪಿಗೇ ಆಗಸ್ಟ್ 15ಕ್ಕೆ ಧ್ವಜವನ್ನು ಕೆಳಗಿಂದ ಮೇಲಕ್ಕೆ ಏರಿಸುವುದು. ಜನವರಿ 26ಕ್ಕಾದರೆ ಮೇಲೆಯೇ ಕಟ್ಟಿದ್ದನ್ನು ಅರಳಿಸುತ್ತಾರೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಎರಡೂ ದಿನ ಹೂವಿಟ್ಟು ಮೇಲೆ ಕಟ್ಟಿಬಿಡುತ್ತಾರೆ, ಎಡವಟ್ಟಾಗುವುದೂ ಅಲ್ಲೇ. ಎರಡು ಸುತ್ತು ಗಂಟು ಹಾಕಿರುತ್ತಾರೆ. ರಾತ್ರಿ ಮಳೆ ಬಂದರೆ ಹತ್ತಿಯ ಹಗ್ಗ ಉಬ್ಬಿ ಗಂಟು ಬಿಗಿಯುತ್ತದೆ, ಬೆಳಿಗ್ಗೆ ಎಷ್ಟು ಎಳೆದರೂ ಬಿಚ್ಚುವುದಿಲ್ಲ. ಹೂವಿಡುವುದಾದರೆ ಒಣಗಿದ ಎಸಳು, ಒಂದು ಹಿಡಿ ಸಾಕು. ಒದ್ದೆ ಎಸಳಿನ ಕಲೆ ಬಿಳಿ ಪಟ್ಟಿಗೆ ಹತ್ತುತ್ತದೆ.

ಹಗ್ಗದ ತುದಿಯ ಮರದ ತುಂಡು, ಟಾಗಲ್, ಯಾವಾಗಲೂ ಕೇಸರಿಯ ಕಡೆಗೇ ಇರುತ್ತದೆ. ಧ್ವಜ ತಲೆಕೆಳಗಾಗುವುದು ಅದನ್ನು ನೋಡದೆ ಕಟ್ಟಿದಾಗ. 14ರ ಸಂಜೆಯೇ ಕಂಬದ ತುದಿಯ ರಾಟೆ ತಿರುಗುತ್ತದೆಯೇ ಎಂದು ಬರಿ ಹಗ್ಗ ಎಳೆದು ನೋಡಿಕೊಳ್ಳಿ. ಮರುದಿನ ನಡುವೆ ಸಿಕ್ಕಿಕೊಂಡರೆ ಜಗ್ಗಬೇಡಿ. ನಿಧಾನವಾಗಿ ಇಳಿಸಿ, ಬಿಡಿಸಿ, ಮತ್ತೆ ಏರಿಸಿ.