ಕೆ ಅಕ್ಷರಕ್ಕೆ ಹೋಗಪ್ಪಾ

ಕಳೆದ ತಿಂಗಳು ನಮ್ಮ ಮೆಡಿಕಲ್ ಕಾಲೇಜಿನ ಲೈಬ್ರರಿ ಸರ್ ತೀರಿಕೊಂಡರು. ಸುದ್ದಿ ಬಂದಾಗ ನಾನು ಓಪಿಡಿಯಲ್ಲಿದ್ದೆ. ಐದು ನಿಮಿಷ ಯಾರನ್ನೂ ಒಳಗೆ ಬಿಡಬೇಡಿ ಅಂದೆ.

1986, ಫೈನಲ್ ಇಯರ್. ಮಂಗನ ಕಾಯಿಲೆ ಬಗ್ಗೆ ಸೆಮಿನಾರ್ ಕೊಡಬೇಕಿತ್ತು. ಇಂಡೆಕ್ಸ್ ಮೆಡಿಕಸ್‌ನಲ್ಲಿ, ಅಂದರೆ ವೈದ್ಯಕೀಯ ಲೇಖನಗಳನ್ನು ವಿಷಯವಾರು ಪಟ್ಟಿ ಮಾಡಿದ ಪುಸ್ತಕದಲ್ಲಿ, 'ಮಂಕಿ ಫೀವರ್' ಅಂತ ಎಂ ಅಕ್ಷರದಲ್ಲಿ ಅರ್ಧ ದಿನ ತಡಕಾಡಿದೆ. "ಕೆ ಅಕ್ಷರಕ್ಕೆ ಹೋಗಪ್ಪಾ," ಅಂದರು ಸರ್. ಅಲ್ಲಿತ್ತು, ಕ್ಯಾಸನೂರು ಫಾರೆಸ್ಟ್ ಡಿಸೀಸ್. ಅಮೆರಿಕದಲ್ಲಿ ಅಚ್ಚಾದ ಪುಸ್ತಕದಲ್ಲಿ ನಮ್ಮ ಶಿವಮೊಗ್ಗದ ಕಾಡಿನ ಹೆಸರು! ಜನ ಕಾಯಿಲೆಗೆ ಏನೇ ಹೆಸರು ಕರೆಯಲಿ, ಇಂಡೆಕ್ಸ್ ಒಂದೇ ಹೆಸರಿನ ಕೆಳಗೆ ಎಲ್ಲ ಲೇಖನಗಳನ್ನೂ ಸೇರಿಸಿಡುತ್ತಿತ್ತು. ಆ ಹೆಸರು ಹಿಡಿದರೆ ಅರ್ಧ ಕೆಲಸ ಮುಗೀತು. ನಮ್ಮಲ್ಲಿಲ್ಲದ ಜರ್ನಲ್‌ಗೆ ಸರ್ ದೆಹಲಿಯ ನ್ಯಾಷನಲ್ ಮೆಡಿಕಲ್ ಲೈಬ್ರರಿಗೆ ಕಾಗದ ಬರೆದರು. ಝೆರಾಕ್ಸ್ ಪ್ರತಿ ಅಂಚೆಯಲ್ಲಿ ಬಂತು. ಸೆಮಿನಾರ್‌ಗೆ ಒಳ್ಳೆ ಹೆಸರು ಬಂತು, ಇಂದಿಗೂ ನನ್ನ ಬ್ಯಾಚಿನವರು ಅದನ್ನು ನೆನೆಯುತ್ತಾರೆ.

ಅದೇ ವರ್ಷ ನಾನೊಂದು ತಪ್ಪು ಮಾಡಿದೆ. ಪರೀಕ್ಷೆ ಹತ್ತಿರ ಬಂದಿತ್ತು. ಮೆಡಿಸಿನ್‌ನ ದೊಡ್ಡ ಪುಸ್ತಕ ಇದ್ದದ್ದು ಒಂದೇ ಪ್ರತಿ. ಬೇರೆಯವರ ಕೈಗೆ ಸಿಗಬಾರದೆಂದು ಬೈಂಡ್ ಮಾಡಿದ ಹಳೇ ಜರ್ನಲ್‌ಗಳ ಹಿಂದೆ ಬಚ್ಚಿಟ್ಟೆ. ಮಾರನೇ ದಿನ ಸರ್ ಕರೆದರು. ರೀಡಿಂಗ್ ರೂಮಿನ ರಿಜಿಸ್ಟರ್‌ನಲ್ಲಿ ಆ ಪುಸ್ತಕದ ಮುಂದೆ ಕೊನೆಯ ಸಹಿ ನನ್ನದೇ.

"ನಿನ್ನೆ ರಾತ್ರಿ ಡ್ಯೂಟಿ ಡಾಕ್ಟರ್ ಇದಕ್ಕೇ ಬಂದಿದ್ರು. ವಾರ್ಡಲ್ಲಿ ಕೀಟನಾಶಕ ಕುಡಿದ ಹುಡುಗ ಇದ್ದ."

ಬೈಯಲಿಲ್ಲ. ಡಾಕ್ಟರು ಪ್ರೊಫೆಸರ್ ಮನೆಗೆ ಓಡಿ ಡೋಸ್ ನೋಡಿಕೊಂಡು ಬಂದರಂತೆ. ಹುಡುಗ ಉಳಿದ. ನಾನು ಒಂದು ವಾರ ಸಂಜೆ ಪುಸ್ತಕ ಜೋಡಿಸಿದೆ, ಯಾರೂ ಹೇಳದೆ.

ವೈದ್ಯಕೀಯ ಲೇಖನಗಳನ್ನು ಇಂಟರ್ನೆಟ್‌ನಲ್ಲಿ ಹುಡುಕುವ ಪಬ್‌ಮೆಡ್ 1997ರಲ್ಲಿ ಎಲ್ಲರಿಗೂ ಉಚಿತವಾಯಿತು. 2003ರಿಂದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆನ್‌ಲೈನ್ ಜರ್ನಲ್ ಜಾಲ ಹೆಲಿನೆಟ್ ಕೂಡ ಇದೆ. ದೆಹಲಿಯ ಅಂಚೆಗೆ ಕಾಯಬೇಕಿಲ್ಲ, ಅಲ್ವಾ? ಆದರೂ ನನ್ನ ಪಿಜಿ ಹುಡುಗರು ಫೋನಿನಲ್ಲಿ ಮೊದಲು ಕಂಡದ್ದನ್ನೇ ಥೀಸಿಸ್‌ಗೆ ಹಾಕುತ್ತಾರೆ. ನನಗೆ ಬೇಜಾರಾಗುತ್ತದೆ. ಪಕ್ಕದಲ್ಲಿ ಕೂರಿಸಿಕೊಂಡು ಸರಿಯಾದ ಹೆಸರು ಹಿಡಿಯುವುದನ್ನು ತೋರಿಸುತ್ತೇನೆ. ನನ್ನಷ್ಟು ಬೇಗ ಯಾರೂ ಹುಡುಕಲ್ಲ ಅಂತ ಅವರೇ ಹೇಳುತ್ತಾರೆ. ಅದು ಸರ್ ಕೊಟ್ಟ ವಿದ್ಯೆ.

ಶ್ರದ್ಧಾಂಜಲಿ ಸಭೆ ಮುಗಿದ ಮೇಲೆ ಲೈಬ್ರರಿಗೆ ಹೋಗಿದ್ದೆ. ಇಂಡೆಕ್ಸ್ ಮೆಡಿಕಸ್ ಅಚ್ಚಾಗುವುದು 2004ಕ್ಕೇ ನಿಂತಿದೆ. ಹಳೇ ಸಂಪುಟಗಳನ್ನು ಹಗ್ಗ ಕಟ್ಟಿ ಹಿಂದಿನ ಕೋಣೆಯಲ್ಲಿಟ್ಟಿದ್ದಾರೆ. ಒಂದನ್ನಾದರೂ ರೀಡಿಂಗ್ ರೂಮಿಗೆ ತನ್ನಿ ಅಂತ ಕೇಳಿಕೊಂಡಿದ್ದೇನೆ. 1986ರದ್ದು, ಕೆ ಅಕ್ಷರ ಇರುವುದು.